ಓಮಲೂರು ದಾಟಿದ ಮೇಲೆ ನಾನು ಓದಿದ ಬೋರ್ಡು

ಸೇಲಂನ ಒಂದು ಮದುವೆ ಮಂಟಪದಲ್ಲಿ, ತುಂಬಿದ ಸಭೆಯ ಎದುರು, ನಾನು ಸಾಯುತ್ತಿದ್ದೇನೆ ಎಂದು ಮೈಕಿನಲ್ಲಿ ನಾನೇ ಅನೌನ್ಸ್ ಮಾಡಿದೆ. ಜನ ಚಪ್ಪಾಳೆ ತಟ್ಟಿದರು. ಅವರದೇನೂ ತಪ್ಪಿಲ್ಲ. ಮದುವೆ ಮನೆಗಳಲ್ಲಿ ಮೈಕ್ ಹಿಡಿದು, ತಮಿಳಿನಲ್ಲೂ ನಮ್ಮ ಮುರುಕು ಕನ್ನಡದಲ್ಲೂ ಜನರನ್ನು ನಗಿಸುವುದೇ ನನ್ನ ಕಸುಬು. ಅದಕ್ಕೆ ಅರ್ಧ ನಿಮಿಷ ಮುಂಚೆ, ಗಂಡಿನ ಸೋದರಮಾವ ಎರಡನೇ ಸಲದ ಪಾಯಸಕ್ಕೆ ಕಾಯುವ ಮುಖ ಹೇಗಿರುತ್ತದೆ ಎಂದು ಮಾಡಿ ತೋರಿಸಿದ್ದೆ. ಆಮೇಲೆ ಯಾರೋ ನನ್ನ ಎದೆಯೊಳಗೆ ಕೈ ಹಾಕಿ ಹಿಂಡಿದ ಹಾಗಾಯಿತು. ಬೆರಳ ತುದಿಗಳು ಜುಮ್ಮೆಂದವು, ಎದುರಿನ ಮುಖಗಳೆಲ್ಲ ಪಕ್ಕದ ಮನೆಯ ಟಿ.ವಿ.ಯಲ್ಲಿ ಕಂಡಂತೆ ಕಂಡವು. ‘ಸಾಮೀ, ನಾನ್ ಸಾಯ್ತಾ ಇದೀನಿ’ ಅಂದೆ. ಮುಂದಿನ ಸಾಲಿನ ಮುದುಕರೊಬ್ಬರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ವಿಡಿಯೋದವನು ಓಡಿ ಬಂದು ಕ್ಯಾಮೆರಾವನ್ನು ನನ್ನ ಮೂಗಿಗೇ ಹಿಡಿದ. ನಾನು ಸ್ಟೇಜಿನಿಂದ ಹಾರಿ, ಮದುಮಗಳ ಅತ್ತೆಯ ಕಾಲು ತುಳಿದು, ಅಡುಗೆಮನೆಯ ಹಿಂಬಾಗಿಲಿಗೆ ಓಡಿದೆ. ಅಲ್ಲಿ ಮಧ್ಯಾಹ್ನದ ಊಟಕ್ಕೆ ಅನ್ನ ಬಸಿಯುತ್ತಿದ್ದರು. ನಾನು ಹೋಗಿ ಬಿದ್ದದ್ದು ಆರಲಿಟ್ಟಿದ್ದ ಗಂಜಿಯ ಬಕೆಟ್ಟಿನ ಮೇಲೆ. ಸಾಯುವವನಿಗೆ ಇನ್ನೂ ಸ್ವಲ್ಪ ಮರ್ಯಾದೆಯ ಜಾಗ ಸಿಗಬಾರದಿತ್ತಾ ಎಂದು ಆ ಹೊತ್ತಿನಲ್ಲೂ ಅನ್ನಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಎದೆಗೆ ವೈರುಗಳನ್ನು ಅಂಟಿಸಿ, ಕಾಗದ ಹರಿದು ನೋಡಿ, ‘ತಂಬಿ, ಹಾರ್ಟ್ ನಲ್ಲಾ ಇರುಕ್ಕು’ ಎಂದರು. ಹೃದಯ ಚೆನ್ನಾಗಿದೆಯಂತೆ. ನನಗೆ ಖುಷಿಗಿಂತ ಅವಮಾನವೇ ಹೆಚ್ಚಾಯಿತು. ಇಷ್ಟೆಲ್ಲ ಗಲಾಟೆ ಮಾಡಿದ ಮೇಲೆ ಸಣ್ಣದೊಂದು ಅಟ್ಯಾಕಾದರೂ ಇರಬೇಕಿತ್ತು. ಅವರು ನಿಧಾನವಾಗಿ ಹೇಳಿದರು. ಇದು ಪ್ಯಾನಿಕ್. ಅಪಾಯವೇ ಇಲ್ಲದಿದ್ದರೂ ಅಪಾಯ ಬಂತು ಎಂದು ಮೈ ಕೂಗಿಕೊಳ್ಳುತ್ತದೆ. ನಾಟಕವಲ್ಲ, ಗಾಳಿಯಲ್ಲ, ಹುಚ್ಚೂ ಅಲ್ಲ, ಒಂದು ಕಾಯಿಲೆ. ಔಷಧಿ ಇದೆ, ಕೂತು ಮಾತಾಡಿ ಸರಿಮಾಡಿಕೊಳ್ಳುವ ದಾರಿಯೂ ಇದೆ, ಆದರೆ ತಜ್ಞರ ಹತ್ತಿರ ಹೋಗಬೇಕು. ಆಮೇಲೆ ಪೆನ್ನು ಎತ್ತಿಕೊಂಡು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗುತ್ತಿತ್ತಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತಿದ್ದ ನನ್ನ ಅಮ್ಮ, ‘ಅಪ್ಪಡಿ ಯಾರುಮೇ ಇಲ್ಲೆ ಮೇಡಂ’ ಎಂದಳು. ಅಂಥವರು ಯಾರೂ ಇಲ್ಲ. ಅಷ್ಟು ಹೊತ್ತಿಗೆ ಅಂಗಿಯ ಮೇಲಿನ ಗಂಜಿ ಒಣಗಿ ರಟ್ಟಿನ ಹಾಗೆ ಬಿರುಸಾಗಿತ್ತು, ಫ್ಯಾನಿನ ಗಾಳಿಗೆ ಅದರ ವಾಸನೆ ಮೂಗಿಗೆ ಬರುತ್ತಿತ್ತು. ಅಮ್ಮ ಸುಳ್ಳು ಹೇಳುತ್ತಿದ್ದಾಳೆ ಎಂದು ನನಗಿಂತ ಮೊದಲು ನನ್ನ ಅಂಗಿಗೆ ಗೊತ್ತಾಯಿತು.

ಒಣಗುವ ಗಂಜಿಯ ವಾಸನೆಯನ್ನು ನೇಕಾರರ ಬೀದಿಯಲ್ಲಿ ಹುಟ್ಟಿದವರಿಗೆ ವಿವರಿಸಬೇಕಾಗಿಲ್ಲ. ಮಿಕ್ಕವರಿಗೆ ಹೇಗೆ ಹೇಳಲಿ? ಸ್ವಲ್ಪ ಹುಳಿ, ಸ್ವಲ್ಪ ಉಕ್ಕಿದ ಹಾಲು, ಅದರ ಹಿಂದೆ ಕೊಬ್ಬರಿ ಎಣ್ಣೆಯ ಒಂದು ಎಳೆ. ಸೇಲಂ ಪೇಟೆಯಲ್ಲಿ, ಮನೆಯೊಳಗೆ ಕನ್ನಡ ಆಡುವ ನೇಕಾರರ ನಮ್ಮ ಬೀದಿಯಲ್ಲಿ ಬೆಳಗಾಗುತ್ತಿದ್ದುದೇ ಆ ವಾಸನೆಯಿಂದ. ಸೀರೆಯ ಉದ್ದಕ್ಕೆ ಓಡುವ ನೂಲನ್ನು ನಾವು ಹಾಸು ಅಂತಲೂ ಕರೆಯುತ್ತಿದ್ದೆವು, ಪಾವು ಅಂತಲೂ ಕರೆಯುತ್ತಿದ್ದೆವು, ಯಾವ ಭಾಷೆ ಮೊದಲು ನಾಲಗೆಗೆ ಬಂದರೆ ಅದು. ಮಗ್ಗಕ್ಕೆ ಏರಿಸುವ ಮುಂಚೆ ಆ ಪಾವನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಬ್ರಷ್ಷಿನಿಂದ ತೀಡಿ, ಬಿಸಿಲು ಚುರುಕಾಗುವಷ್ಟರಲ್ಲಿ ಒಣಗಿಸಬೇಕು. ಆ ಹೊತ್ತಿನಲ್ಲಿ ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುತ್ತಿದ್ದರು, ಹಾಲಿನವನು ಆಚೆ ಬೀದಿಯಿಂದ ಸುತ್ತಿ ಬರುತ್ತಿದ್ದ. ಪಾವು ಯಾರ ಮನೆಯದಾದರೂ ಬ್ರಷ್ಷು ಹಿಡಿಯಲು ನಾಲ್ಕು ಮನೆಯವರು ಬರುತ್ತಿದ್ದರು. ಒಂದು ತುದಿಯನ್ನು ಕಂಬಕ್ಕೆ ಕಟ್ಟಿದರೆ, ಇನ್ನೊಂದು ತುದಿಯ ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಸುತ್ತಿ ಒಬ್ಬರು ಹಿಡಿದೇ ನಿಂತಿರಬೇಕು. ಒಣಗುತ್ತ ನೂಲು ಕುಗ್ಗಿದರೆ ತುಸು ಬಿಡಬೇಕು, ಜೋತರೆ ಎಳೆಯಬೇಕು. ಬಿಗಿ ತಪ್ಪಿ ಪಾವು ನೆಲಕ್ಕೆ ತಾಗಿದರೆ ಹಸಿ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಇಡೀ ಪಾವೇ ಕಸ. ನಮ್ಮ ಮನೆಯ ಪಾವಿಗೆ ಆ ಹಗ್ಗ ಹಿಡಿಯುತ್ತಿದ್ದವಳು ಸರೋಜತ್ತೆ, ಅಪ್ಪನ ತಂಗಿ.

ಮನೆ ಅಂದರೆ ಏನು, ಮುಂದೆ ಎರಡು ಕುಳಿಮಗ್ಗ, ಹಿಂದೆ ಒಂದು ಅಡುಗೆಮನೆ, ನಡುವೆ ನಾವು. ಒಂದು ಮಗ್ಗದಲ್ಲಿ ಅಪ್ಪ, ಇನ್ನೊಂದರಲ್ಲಿ ಅಮ್ಮ, ಮೂಲೆಯಲ್ಲಿ ರಾಟೆ ತಿರುಗಿಸುವ ಅಜ್ಜಿ. ಅತ್ತೆ ಎಲ್ಲ ಕಡೆಯೂ ಇರುತ್ತಿದ್ದಳು. ಮುಗಿದ ಪಾವಿನ ಒಂದೊಂದು ಎಳೆಗೂ ಹೊಸ ಪಾವಿನ ಒಂದೊಂದು ಎಳೆಯನ್ನು ಹೆಬ್ಬೆರಳಿನಿಂದ ಹೊಸೆದು ಕೆಚ್ಚಬೇಕಲ್ಲ, ಸಾವಿರಾರು ಎಳೆ, ಆ ಕೆಲಸಕ್ಕೆ ಅವಳನ್ನು ಮೀರಿಸುವವರು ಬೀದಿಯಲ್ಲಿ ಇರಲಿಲ್ಲ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಕೂತರೆ ಕೈ ಓಡುವುದೇ ಕಾಣುತ್ತಿರಲಿಲ್ಲ. ಮೂವತ್ತು ಮುಟ್ಟುತ್ತಿದ್ದಳು, ಮದುವೆಯಾಗಿರಲಿಲ್ಲ. ಸ್ಕೂಲನ್ನು ಮೂರನೇ ಕ್ಲಾಸಿಗೇ ಬಿಟ್ಟವಳು, ಅಕ್ಷರ ತಲೆಗೆ ಹತ್ತಿರಲಿಲ್ಲ. ಪೇಟೆಗೆ ಹೋದರೆ ಬಸ್ಸಿನ ಬೋರ್ಡು ಓದುವುದು ನನ್ನ ಕೆಲಸ. ನಾನು ಒಂಬತ್ತು ವರ್ಷದವನು, ನನ್ನಷ್ಟು ದೊಡ್ಡ ವಿದ್ವಾಂಸ ಸೇಲಂ ಜಿಲ್ಲೆಯಲ್ಲೇ ಇಲ್ಲ ಎಂದು ನಂಬಿದ್ದೆ. ‘ಕುಮಾರಾ, ಯಾವೂರ್ಲಾ ಇದು?’ ಅನ್ನುತ್ತಿದ್ದಳು. ‘ಎಡಪ್ಪಾಡಿ ಅತ್ತೆ, ನಮ್ದಲ್ಲ’ ಅನ್ನುತ್ತಿದ್ದೆ. ಬಸ್ಸಿನವರು ನನ್ನ ಅಪ್ಪಣೆಗೆ ಕಾದು ನಿಂತಿದ್ದಾರೆ ಎಂಬ ಗತ್ತು ನನಗೆ.

ಅವಳಿಗೆ ‘ಅದು’ ಬರುತ್ತಿತ್ತು. ಹೆಸರೇ ಇಲ್ಲದ್ದಕ್ಕೆ ಅವಳು ಇಟ್ಟ ಹೆಸರು ಅಷ್ಟೇ. ಅನ್ನಕ್ಕೆ ಕೈ ಹಾಕಿದವಳು ಥಟ್ಟನೆ ನಿಂತು, ‘ಅದು ಬತ್ತೈತೆ’ ಎಂದು ಎದ್ದು ಹೋಗಿ ಮಗ್ಗದ ಕುಳಿಯೊಳಗೆ ಇಳಿದು ಕೂತುಬಿಡುತ್ತಿದ್ದಳು. ನೇಯುವವರು ಕಾಲು ಇಳಿಬಿಡುವ ಆ ಕುಳಿಯ ಮಣ್ಣು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅದಕ್ಕೆ ಕೆನ್ನೆ ಆನಿಸಿ, ಬಾಯಿ ತೆರೆದು, ಹಗ್ಗ ಕಡಿದು ಬಾವಿಯಲ್ಲಿ ಮುಳುಗುವ ಕೊಡದ ಹಾಗೆ ಉಸಿರು ಬಿಡುತ್ತಿದ್ದಳು. ನಾನೂ ಪಕ್ಕದಲ್ಲಿ ಇಳಿದು ಕೂರುತ್ತಿದ್ದೆ, ನನಗದು ಆಟ. ಒಂದು ಸಲ, ಒಳಗೆ ಹೆಂಗಿರುತ್ತೆ ಅತ್ತೆ ಎಂದು ಕೇಳಿದೆ. ‘ಬಾವಿ ಇಳೀತೀಯ. ಇನ್ನೊಂದು ಮೆಟ್ಲು ಐತೆ ಅಂತ ಕಾಲ್ ಇಡ್ತೀಯ, ಇರಲ್ಲ. ಆವಾಗ ಒಟ್ಟೇಲಿ ಜಲ್ ಅಂತೈತಲ್ಲಾ? ನಿಂಗೆ ಅದು ಒಂದ್ ಗಳಿಗೆ. ನಂಗೆ ಅರ್ಧ ಗಂಟೆ’ ಎಂದಳು. ಪುಸ್ತಕ ಓದಿದ ಡಾಕ್ಟರುಗಳು ಆಮೇಲೆ ಎಷ್ಟೋ ಹೇಳಿದ್ದಾರೆ, ಇಷ್ಟು ಸರಿಯಾಗಿ ನನಗೆ ಯಾರೂ ತಿಳಿಸಿ ಹೇಳಿಲ್ಲ. ‘ಯಾರ್ ತಾವನೂ ಏಳ್ಬೇಡ’ ಎಂದೂ ಅಂದಳು. ನಾನು ಹೇಳಲಿಲ್ಲ, ಮಾಡಿ ತೋರಿಸಿದೆ. ಬೀದಿಯ ಜಗಲಿಯ ಮೇಲೆ ನಿಂತು, ಎದೆ ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ‘ಅದು ಬತ್ತೈತೆ, ಅದು ಬತ್ತೈತೆ’ ಎಂದು ಅತ್ತೆಯ ಹಾಗೆ ಉಸಿರು ಬಿಟ್ಟೆ. ಬ್ರಷ್ಷು ಹಿಡಿದವರೆಲ್ಲ ನಕ್ಕರು, ಯಾರೋ ಕೈಗೆ ಚಕ್ಕುಲಿ ಕೊಟ್ಟರು. ಅದು ನನ್ನ ಮೊದಲ ಸ್ಟೇಜು, ಮೊದಲ ಸಂಭಾವನೆ. ಅತ್ತೆ ಹಗ್ಗ ಹಿಡಿದೇ ನಿಂತಿದ್ದಳು. ಅವಳೂ ನಕ್ಕಳು ಅಂದುಕೊಂಡೆ. ಹಲ್ಲು ಕಂಡಿತ್ತು.

ಮೊದಮೊದಲು ಯಾರೂ ಅವಳಿಗೆ ಕೇಡು ಬಯಸಿರಲಿಲ್ಲ. ಅಮ್ಮನೇ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದು. ಅಲ್ಲಿಯ ಡಾಕ್ಟರು ಚೀಟಿ ಬರೆದು ಮಾತ್ರೆ ಕೊಟ್ಟರು. ಎರಡು ತಿಂಗಳು ಅತ್ತೆ ಕುಳಿಗೆ ಇಳಿಯಲಿಲ್ಲ. ಒಂದು ದಿನ ನನ್ನ ಜೊತೆ ಬೀದಿ ತುದಿಯ ಅಂಗಡಿಯವರೆಗೂ ಹೋಗಿ, ಸೋಡಾ ಕುಡಿದು, ಜೋರಾಗಿ ತೇಗಿ, ‘ನೋಡ್ಲಾ, ಸಾಯ್ಲಿಲ್ಲ’ ಎಂದು ನಕ್ಕಳು. ಆಗಿನ ಆ ನಗು ನಿಜವಾದದ್ದು, ಈಗ ನನಗೆ ಗೊತ್ತಾಗುತ್ತದೆ. ಆದರೆ ಡಾಕ್ಟರು ಮಾಡಿದ ಒಂದೇ ಒಂದು ತಪ್ಪೆಂದರೆ, ಅಮ್ಮನಿಗೆ ತಿಳಿಯಲಿ ಎಂದು ಸುಲಭ ಮಾಡಿ ಹೇಳಿದ್ದು: ಇವಳ ನರಗಳು ತುಂಬ ಬಿಗಿಯಾಗಿವೆ, ಈ ಮಾತ್ರೆ ಸ್ವಲ್ಪ ಸಡಿಲ ಮಾಡುತ್ತದೆ. ಅಮ್ಮ ಅದನ್ನು ಊಟದ ಹೊತ್ತಿನಲ್ಲಿ ಅಪ್ಪನಿಗೆ ಹೇಳಿದಳು. ಹುಟ್ಟಿದಾಗಿನಿಂದ ಬಿಗಿಯೊಂದನ್ನೇ ನಂಬಿ ಬದುಕಿದ ಮನುಷ್ಯ ಅವನು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. ‘ಸಡ್ಲ ಮಾಡೋದಾ? ಸಡ್ಲ ಆದ ಪಾವಲ್ಲಿ ಯಾವನಾದ್ರೂ ಸೀರೆ ನೇದವ್ನಾ?’ ಎಂದ. ಅಜ್ಜಿಗೆ ಅದು ವೇದದಂತೆ ಕೇಳಿಸಿತು. ಪಕ್ಕದ ಮನೆಯವರನ್ನು ಕೇಳಿದರೆ ಅವರೂ ನೇಕಾರರು, ಎದುರು ಮನೆಯವರೂ ನೇಕಾರರು. ಇಡೀ ಬೀದಿ ಒಮ್ಮತದಿಂದ ತೀರ್ಮಾನಿಸಿತು: ಹುಡುಗಿಯನ್ನು ಡಾಕ್ಟರು ಹಾಳು ಮಾಡುತ್ತಿದ್ದಾನೆ. ಅಪ್ಪ ಮಾತ್ರೆಯ ಪೊಟ್ಟಣವನ್ನೂ ಚೀಟಿಯನ್ನೂ ಅವಳಿಂದ ಇಸಿದುಕೊಂಡ. ಎಸೆದುಬಿಟ್ಟೆ ಎಂದ.

ಹದಿನೈದು ದಿನಕ್ಕೆ ಅದು ವಾಪಸು ಬಂತು, ಸೋದರಸಂಬಂಧಿಗಳನ್ನೆಲ್ಲ ಕರೆದುಕೊಂಡು ಬಂದ ಹಾಗೆ ಬಂತು. ಬಂದದ್ದು ಒಂದು ಬೆಳಿಗ್ಗೆ, ಬೀದಿಯಲ್ಲಿ ನಮ್ಮ ಪಾವು ಹಸಿಯಾಗಿ ಮಿನುಗುತ್ತಿದ್ದಾಗ. ಹಗ್ಗ ಹಿಡಿದಿದ್ದ ಅತ್ತೆಯ ಮುಖ ಬೆಳ್ಳಗಾಯಿತು. ‘ಅಣ್ಣಾ, ಯಾರಾದ್ರೂ ಇಡ್ಕೊಳ್ರೋ’ ಎಂದು ಎರಡು ಸಲ ಕೂಗಿದಳು. ನಾನು ಜಗಲಿಯ ಮೇಲೆ ನಿಂತು ಅವಳು ಕೂಗಿದ ಹಾಗೆಯೇ ಕೂಗಿದೆ. ಜನ ನನ್ನನ್ನು ನೋಡಿ ನಕ್ಕರು, ಅವಳ ಕಡೆ ತಿರುಗಲಿಲ್ಲ. ಮೂರನೇ ಸಲ ಅವಳು ಕೂಗಲಿಲ್ಲ, ಕೈ ಬಿಟ್ಟಳು. ಗೂಟದಿಂದ ಹಗ್ಗ ಸರ್ರನೆ ಬಿಚ್ಚಿಕೊಂಡಿತು. ಬೀದಿಯುದ್ದದ ಪಾವು ಹಾಲಿನ ಕೆನೆಯ ಹಾಗೆ ಮಡಿಸಿಕೊಂಡು ಮಣ್ಣಿಗೆ ಬಿತ್ತು. ಅತ್ತೆ ಮನೆಯೊಳಗೆ ಓಡಿದ್ದು ಅದನ್ನು ತುಳಿದುಕೊಂಡೇ. ಪಾವಿನ ಮೇಲೆ ಕಾಲಿಡುವುದೆಂದರೆ ನಮ್ಮವರಲ್ಲಿ ಅನ್ನದ ಮೇಲೆ ಕಾಲಿಟ್ಟ ಹಾಗೆ. ಅಜ್ಜಿ ತಲೆ ಚಚ್ಚಿಕೊಂಡಳು. ‘ಇದು ಅವ್ಳಲ್ಲ, ಅವ್ಳ ಮೈಯಾಗೆ ಇರೋದು’ ಎಂದಳು. ಸಂಜೆಯೊಳಗೆ ಯಾರೋ ಒಬ್ಬ ಸಾಮಿಯಾರನ, ಅಂದರೆ ಮಂತ್ರ ಹಾಕುವ ಸಾಧುವಿನ, ವಿಷಯ ತಂದರು. ಧರ್ಮಪುರಿ ದಾಟಿ, ಕಂಬೈನಲ್ಲೂರಿನಿಂದ ಇನ್ನೂ ಒಳಗೆ ಹೋದರೆ ಹೊಲಗಳ ನಡುವೆ ಅವನ ಜಾಗ. ಸಡಿಲವಾದ ನರಗಳನ್ನು ಬಿಗಿ ಮಾಡುತ್ತಾನಂತೆ. ಅಪ್ಪನಿಗೆ ಬೇಕಾಗಿದ್ದುದು ಅದೇ ಮಾತು.

ಭಾನುವಾರ ಅಪ್ಪ ನನ್ನನ್ನು ಹಿತ್ತಿಲಿಗೆ ಕರೆದ. ಅಪ್ಪ ನನ್ನನ್ನು ಹೊಡೆಯುವುದಕ್ಕಲ್ಲದೆ ಕರೆದದ್ದು ಅದೇ ಮೊದಲು. ‘ಅತ್ತೆ ವ್ಯಾನ್ ಅತ್ತಲ್ಲ ಅಂತಾಳೆ. ನೀ ಏಳಿದ್ರೆ ಕೇಳ್ತಾಳೆ. ಮೇಟೂರು ಡ್ಯಾಮಿಗೆ ಓಗಾಣ, ಮೀನು ತಿಂದು ಬರಾಣ ಅಂತ ಏಳು.’ ನಿಜವಾಗ್ಲೂ ಮೀನಾ ಎಂದು ಕೇಳಿದೆ. ‘ನಿಂಗೆ ಎರಡು’ ಎಂದ. ಕೆಲವರು ರಾಜ್ಯಕ್ಕಾಗಿ ಮೋಸ ಮಾಡುತ್ತಾರೆ, ನಾನು ಎರಡು ಮೀನಿಗೆ ಮಾಡಿದೆ. ಆದರೂ ಆ ಹೊತ್ತಿನಲ್ಲಿ ನಾನೂ ಡ್ಯಾಮಿಗೇ ಹೋಗುತ್ತಿದ್ದೇವೆ ಎಂದು ನಂಬಿದ್ದೆ, ಅಷ್ಟನ್ನು ಮಾತ್ರ ನೀವು ನನ್ನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಿ. ಅತ್ತೆ ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ‘ನೀನೂ ಬತ್ತೀಯಾ? ನನ್ ಪಕ್ಕದಲ್ಲೇ ಕೂತ್ಕೋತೀಯಾ?’ ಎಂದಳು. ಹೂಂ ಎಂದೆ. ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಬಂದಳು. ವ್ಯಾನು ಹೊರಡುತ್ತಲೇ ಕಣ್ಣು ಮುಚ್ಚಿ, ತಲೆ ತಗ್ಗಿಸಿ, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಹೆಬ್ಬೆರಳು ಎಳೆ ಕೆಚ್ಚುವ ಹಾಗೆ ನನ್ನ ಕಿರುಬೆರಳನ್ನು ಹೊಸೆಯುತ್ತಲೇ ಇತ್ತು.

ಸೇಲಂ ಕಡೆಯಿಂದ ಹೋದವರಿಗೆ ಗೊತ್ತು, ಓಮಲೂರಿನಲ್ಲಿ ದಾರಿ ಒಡೆಯುತ್ತದೆ. ಎಡಕ್ಕೆ ಮೇಚೇರಿ ಮೇಲೆ ಮೇಟೂರು, ನೇರ ಹೋದರೆ ತೊಪ್ಪೂರು, ಧರ್ಮಪುರಿ. ವ್ಯಾನು ಎಡಕ್ಕೆ ತಿರುಗಲಿಲ್ಲ. ನನಗೆ ತಕ್ಷಣ ಗೊತ್ತಾಯಿತು, ನಾನು ವಿದ್ವಾಂಸನಲ್ಲವಾ. ಡ್ರೈವರ್ ಪಕ್ಕದಲ್ಲಿದ್ದ ಅಪ್ಪನ ಕಣ್ಣು ಕನ್ನಡಿಯಲ್ಲಿ ನನ್ನ ಮೇಲೆಯೇ ಇತ್ತು. ಸ್ವಲ್ಪ ದೂರ ಹೋದ ಮೇಲೆ ಅತ್ತೆ ಕಣ್ಣು ಬಿಡದೆಯೇ, ‘ಕುಮಾರಾ, ಎಲ್ಲಿದೀವ್ಲಾ? ಬೋರ್ಡ್ ನೋಡಿ ಏಳು’ ಎಂದಳು. ಎದುರಿಗೆ ಹಸಿರು ಬೋರ್ಡು. ಧರ್ಮಪುರಿ ಎಂದು ಆನೆ ಗಾತ್ರದ ತಮಿಳು ಅಕ್ಷರ. ನಾನು ಆ ಬೋರ್ಡನ್ನು ಪೂರ್ತಿ ಓದಿದೆ. ಆಮೇಲೆ ‘ಮೇಚೇರಿ ಅತ್ತೆ’ ಎಂದೆ. ಅವಳು ‘ಇನ್ನೇನು ಬಂತು’ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಳು. ಜೀವನದಲ್ಲಿ ನಾನು ಎಷ್ಟೋ ಸುಳ್ಳು ಹೇಳಿದ್ದೇನೆ, ಸ್ಟೇಜಿನ ಮೇಲೆ ದಿನಕ್ಕೆ ನೂರು ಹೇಳುತ್ತೇನೆ. ಓದಲು ಬರದವಳಿಗೆ ಓದಿ ಹೇಳಿದ ಸುಳ್ಳು ಅದೊಂದೇ.

ತೊಪ್ಪೂರಿನಲ್ಲಿ ಘಾಟ್ ಶುರುವಾಯಿತು. ವ್ಯಾನು ತಿರುವಿನಲ್ಲಿ ಒಂದು ಕಡೆಗೆ ವಾಲಿದಾಗ ಅತ್ತೆ ಕಣ್ಣು ಬಿಟ್ಟಳು. ಎರಡೂ ಕಡೆ ಬೆಟ್ಟ, ಮುಂದೆ ತಿಣುಕುವ ಲಾರಿಗಳ ಸಾಲು. ‘ಡ್ಯಾಮಿಗೆ ಓಗೋ ದಾರೀಲಿ ಘಾಟ್ ಇಲ್ವಲ್ಲಾ’ ಎಂದಳು. ‘ಅಣ್ಣಾ?’ ಅಪ್ಪ ತಿರುಗಲಿಲ್ಲ. ಆಮೇಲೆ ಅವಳು ನನ್ನ ಕಡೆ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ನನ್ನ ಬೆರಳನ್ನು ಹೊಸೆಯುತ್ತಿದ್ದ ಹೆಬ್ಬೆರಳು ನಿಂತಿತು. ನನ್ನ ಕೈಯನ್ನು ಎತ್ತಿ, ಯಾರದೋ ಮರೆತುಹೋದ ವಸ್ತುವನ್ನು ವಾಪಸು ಇಡುವ ಹಾಗೆ, ನನ್ನ ತೊಡೆಯ ಮೇಲೆ ಇಟ್ಟಳು. ಸಾಮಿಯಾರನ ಜಾಗದಲ್ಲಿ ಒಂದು ಬೇವಿನ ಮರ, ಒಂದು ಶೀಟಿನ ಮನೆ, ಅಂಗಳದಲ್ಲಿ ಇನ್ನೂ ನಾಲ್ಕೈದು ಜನ. ಒಂದು ಮಂಡಲ, ನಲವತ್ತೆಂಟು ದಿನ ಇರಬೇಕು ಎಂದ ಸಾಮಿಯಾರ. ನಾವು ವಾಪಸು ವ್ಯಾನು ಹತ್ತುವಾಗ ಅವಳ ಕಾಲಿಗೂ ಮರಕ್ಕೂ ನಡುವೆ ಹಗ್ಗ ಇತ್ತು. ಗಟ್ಟಿ ಹಗ್ಗ, ಬಿಗಿಯಾಗಿ ಕಟ್ಟಿದ್ದರು. ಬರುವಾಗ ಅಪ್ಪ ಧರ್ಮಪುರಿಯಲ್ಲಿ ವ್ಯಾನು ನಿಲ್ಲಿಸಿ ನನಗೆ ಮೀನು ಕೊಡಿಸಿದ. ನಾನು ಅಳುತ್ತ ಅದನ್ನು ತಳ್ಳಿಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಎರಡೂ ತಿಂದೆ. ಖಾರ ಸರಿಯಾಗಿತ್ತು.

ನಲವತ್ತೆಂಟು ದಿನಕ್ಕೆ ಅತ್ತೆ ಬಂದಳು. ಮೈ ಇಳಿದು ಹೋಗಿತ್ತು, ಕಾಲಿನಲ್ಲಿ ಕಪ್ಪು ಬಳೆಯ ಹಾಗೆ ಒಂದು ಗುರುತು. ಕೂಗಾಡಲಿಲ್ಲ, ಕುಳಿಗೆ ಇಳಿಯಲಿಲ್ಲ, ಎಲ್ಲರೂ ವಾಸಿಯಾಯಿತು ಅಂದರು. ಊಟದ ನಡುವೆ ಅವಳ ಕೈ ನಿಂತು, ಕತ್ತಿನ ನರ ಉಬ್ಬಿ, ಹಣೆಯಲ್ಲಿ ಬೆವರು ಮೂಡಿ, ಮತ್ತೆ ಏನೂ ಆಗದವಳ ಹಾಗೆ ಅವಳು ಅನ್ನ ಕಲಸುವುದನ್ನು ನಾನು ಮಾತ್ರ ನೋಡುತ್ತಿದ್ದೆ. ನನ್ನ ಜೊತೆ ಮಾತು ಬಿಡಲಿಲ್ಲ. ಊಟ ಆಯ್ತಾ, ಸ್ಕೂಲ್ ಐತಾ, ಅಷ್ಟು. ಬೋರ್ಡು ಓದು ಎಂದು ಮತ್ತೆ ಕೇಳಲಿಲ್ಲ. ಮುಂದಿನ ವರ್ಷ ಪಾಪಿರೆಡ್ಡಿಪಟ್ಟಿ ಹತ್ತಿರದ ಹಳ್ಳಿಯೊಂದರ, ಹೆಂಡತಿ ಸತ್ತ ಬೇಸಾಯಗಾರನಿಗೆ ಅವಳನ್ನು ಕೊಟ್ಟರು. ಆಮೇಲೆ ಆ ಮನೆ ಒಂದೊಂದು ಎಳೆಯಾಗಿ ಬಿಚ್ಚಿಕೊಂಡಿತು. ಅಜ್ಜಿ ಹೋದಳು. ಪವರ್‌ಲೂಮಿನ ಮುಂದೆ ನಮ್ಮ ಕೈಮಗ್ಗ ನಿಲ್ಲಲಿಲ್ಲ, ಮಗ್ಗದ ಮರ ಟೀ ಅಂಗಡಿಯ ಒಲೆಗೆ ಹೋಯಿತು. ಕುಳಿಗಳಿಗೆ ಮಣ್ಣು ತುಂಬಿ ಮೇಲೆ ಟೈಲ್ಸ್ ಹಾಕಿದರು. ಈಗ ಅಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡುವವರಿದ್ದಾರೆ. ಮೂರು ವರ್ಷದ ಕೆಳಗೆ ಅಪ್ಪ ಮಲಗಿದಲ್ಲೇ ಹೋದ. ಒಳ್ಳೆಯ ಸಾವು, ನೆಮ್ಮದಿಯ ಮನುಷ್ಯ ಎಂದು ಎಲ್ಲರೂ ಅಂದರು. ನಿಮ್ಮಲ್ಲೂ ಇಂಥ ಒಂದು ಮನೆ ಇದ್ದಿರಬಹುದು. ಅದು ಹೋದದ್ದಕ್ಕೆ ಅಳಬೇಕೋ, ಅದರಲ್ಲಿ ನಡೆದದ್ದಕ್ಕೆ ಅಳಬೇಕೋ ಗೊತ್ತಾಗದೆ ಸುಮ್ಮನೆ ಟೈಲ್ಸ್ ನೋಡಿಕೊಂಡು ಬಂದಿರಬಹುದು.

ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಿಗ್ಗೆ ಅಮ್ಮ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಡಾಕ್ಟರ ಹತ್ತಿರ ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದೆ.

‘ನಿಂಗೆ ಎಣ್ಣು ನೋಡ್ತಾ ಇದೀವಿ. ಕುಟುಂಬದಲ್ಲೇ ಐತೆ ಅಂದ್ರೆ ಯಾರ್ಲಾ ಕೊಡ್ತಾರೆ?’

‘ಕೊಡ್ದೇ ಇರೋಕೆ ನನ್ ಮೂತೀನೇ ಸಾಕು ಕಣಮ್ಮಾ. ಅದಕ್ಕೆ ಅತ್ತೆ ಯಾಕೆ?’

ಅವಳು ನಕ್ಕಳು. ಆಮೇಲೆ ಈರುಳ್ಳಿಯ ನೆಪದಲ್ಲಿ ಕಣ್ಣು ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು. ‘ಅವ್ಳಿಗೆ ಒಬ್ಳಿಗೇ ಅಲ್ಲ’ ಎಂದಳು. ‘ನಿಮ್ಮಪ್ಪಂಗೂ ಇತ್ತು.’

ನಾನು ಜೋಕು ಅಂದುಕೊಂಡೆ. ನಮ್ಮ ಮನೆಯಲ್ಲಿ ಜೋಕು ಮಾಡುವವನು ನಾನೊಬ್ಬನೇ ಎಂಬುದು ಮರೆತಿತ್ತು. ಅಮ್ಮ ಚಾಕು ಕೆಳಗಿಟ್ಟು ಹೇಳಿದಳು. ಅತ್ತೆಯಿಂದ ಇಸಿದುಕೊಂಡ ಮಾತ್ರೆಯನ್ನು ಅಪ್ಪ ಎಸೆದಿರಲಿಲ್ಲ. ಅವನಿಗೂ ಮದುವೆಯಾದಾಗಿನಿಂದ ಎದೆ ಹಿಡಿದುಕೊಳ್ಳುತ್ತಿತ್ತಂತೆ, ಮನೆಯ ಯಜಮಾನ ಹೇಗೆ ಹೇಳಿಕೊಳ್ಳುವುದು, ಮಗ್ಗದ ಸದ್ದಿನಲ್ಲಿ ಮುಚ್ಚಿಕೊಂಡಿದ್ದ. ಪೊಟ್ಟಣ ಜೇಬಿನಲ್ಲಿದ್ದ ದಿನವೇ ಜೋರಾಗಿ ಬಂತು. ಒಂದು ಮಾತ್ರೆ ನುಂಗಿದ. ಹಿಡಿಸಿತು. ಮಾರನೆಯ ದಿನ ಇನ್ನೊಂದು. ಪೊಟ್ಟಣ ಮುಗಿದ ಮೇಲೆ, ತಂಗಿಗೆ ಬರಲು ಆಗುವುದಿಲ್ಲ ಎಂದು ಹೇಳಿ, ಅತ್ತೆಯ ಚೀಟಿ ತೋರಿಸಿ, ಅತ್ತೆಯ ಹೆಸರಿನಲ್ಲಿ ಆಸ್ಪತ್ರೆಯಿಂದ ತರುತ್ತಿದ್ದ.

‘ಅವ್ಳು ಅಲ್ಲಿ ಮರದ ಕೆಳ್ಗೆ ಇದ್ದಾಗ್ಲೂನಾ?’

‘ಆವಾಗ್ಲೂ.’

‘ನಿಂಗೆ ಗೊತ್ತಿತ್ತು.’

‘ಗೊತ್ತಿತ್ತು. ಮಗ್ಗ ನಿಂತ್ರೆ ಅನ್ನ ಎಲ್ಲಿಂದ ಬರ್ಬೇಕು? ಅವ್ರು ನೇಯ್ಬೇಕಿತ್ತು ಕುಮಾರಾ.’

ನಾನು ಏನಾದರೂ ತಮಾಷೆ ಹೇಳಬೇಕಿತ್ತು, ಅದೇ ನನ್ನ ಕಸುಬು. ಬಿಗಿಯ ಬಗ್ಗೆ ಊಟದ ತಟ್ಟೆಯ ಮುಂದೆ ಅಷ್ಟು ದೊಡ್ಡ ಮಾತಾಡಿದ ಮನುಷ್ಯ, ಕದ್ದು ಸಡಿಲವಾಗಿ, ನೆಮ್ಮದಿಯಾಗಿ ಸೀರೆ ನೇಯ್ದು, ನೆಮ್ಮದಿಯಾಗಿ ಸತ್ತಿದ್ದ. ನನ್ನ ಕೈಯಲ್ಲಿ ಸುಳ್ಳು ಬೋರ್ಡು ಓದಿಸಿದ. ಅದೇ ರಕ್ತ ನನ್ನ ಮೈಯಲ್ಲೂ ಹರಿಯುತ್ತಿದೆ ಎಂದು ಗೊತ್ತಿದ್ದೂ ಒಂದು ಮಾತು ಹೇಳದೆ ಹೋದ. ಹೇಳಿದ್ದರೆ ಆ ಮಂಟಪದಲ್ಲಿ ನಾನು ಕನಿಷ್ಠ ಮೈಕ್ ಕೆಳಗಿಟ್ಟು ಹೋಗುತ್ತಿದ್ದೆ.

ಅದೇ ವಾರ ನನ್ನ ಹಳೇ ಕಾರಿನಲ್ಲಿ ಅತ್ತೆಯ ಊರಿಗೆ ಹೋದೆ. ಎಷ್ಟೋ ವರ್ಷವಾಗಿತ್ತು. ಮರಗೆಣಸಿನ ಹೊಲದ ಪಕ್ಕದಲ್ಲಿ ಮನೆ, ಅಂಗಳದ ತುಂಬ ಬೇಯಿಸಿ ಹರವಿದ ಅರಿಶಿನ. ಮಾವ ಹೊಲದಲ್ಲಿದ್ದರು. ಅತ್ತೆಯ ತಲೆ ಅರ್ಧ ನರೆತಿತ್ತು. ‘ಬಾರ್ಲಾ, ಕಾಲಿಗೆ ನೀರ್ ಆಕ್ಕೋ’ ಎಂದಳು. ಆಮೇಲೆ ಅರಿಶಿನ ತಿರುವಿ ಹಾಕುತ್ತಲೇ, ‘ಗಂಜಿ ಬಕೆಟ್ಟಲ್ಲಿ ಬಿದ್ದೆಯಂತೆ. ಪಕ್ಕದ್ಮನೆ ಉಡುಗಿ ಫೋನಲ್ಲಿ ತೋರ್ಸಿದ್ಲು. ಊರೆಲ್ಲಾ ನಕ್ಕೈತೆ’ ಎಂದಳು.

‘ನೀನೂ ನಕ್ಯಾ?’

‘ನಾ ನಿನ್ ಕಣ್ ನೋಡ್ದೆ.’

ಅಷ್ಟು ಸಾಕಾಯಿತು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದೆ. ಬೋರ್ಡಿನಲ್ಲಿ ಧರ್ಮಪುರಿ ಎಂದಿತ್ತು, ಓದಿಯೂ ಸುಳ್ಳು ಹೇಳಿದೆ ಎಂದೆ. ಅಪ್ಪನ ಮಾತ್ರೆಯ ವಿಷಯ ಹೇಳಿದೆ. ಡಾಕ್ಟರಮ್ಮ ಇದಕ್ಕೆ ಹೆಸರಿದೆ, ಔಷಧಿ ಇದೆ, ನಮ್ಮದೇನೂ ತಪ್ಪಿಲ್ಲ ಎಂದಿದ್ದನ್ನು ಹೇಳಿದೆ. ನನಗೆ ಬುಧವಾರ ತಜ್ಞರ ಹತ್ತಿರ ಹೋಗುವುದಿದೆ, ನೀನೂ ಬಾ, ಕಾರು ತಂದಿದ್ದೇನೆ, ಇವತ್ತೇ ಹೊರಟುಬಿಡೋಣ, ಎರಡು ದಿನ ನಮ್ಮ ಮನೆಯಲ್ಲಿರು ಎಂದೆ. ಅವಳು ನನ್ನನ್ನು ಕ್ಷಮಿಸಿಬಿಟ್ಟರೆ ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತದೆ ಎಂಬ ಆಸೆ ನನಗೆ. ಹಾಗೆ ಆಗಲಿಕ್ಕೆ ಅಂತಲೇ ದಾರಿಯುದ್ದಕ್ಕೂ ಮಾತುಗಳನ್ನು ರಿಹರ್ಸಲ್ ಮಾಡಿಕೊಂಡು ಬಂದಿದ್ದೆ.

ಅತ್ತೆ ಅರಿಶಿನ ತಿರುವುವುದನ್ನು ನಿಲ್ಲಿಸಿದ್ದಳು. ‘ಆ ಮಾತ್ರೆ ಅಣ್ಣಂಗೆ ಇಡೀತಾ?’ ಎಂದು ಕೇಳಿದಳು.

‘ಇಡೀತು ಅತ್ತೆ. ಕೊನೇ ತನಕ.’

‘ಅಂಗಾರೆ ನಂಗೂ ಇಡೀತಿತ್ತು’ ಎಂದಳು.

ಹೊಲದ ಕಡೆಯಿಂದ ಯಾರೋ ಎಮ್ಮೆಯನ್ನು ಗದರುವುದು ಕೇಳಿಸಿತು. ಅವಳು ಎದ್ದು ಒಳಗೆ ಹೋದಳು. ನನಗೆ ಅಳು ಬಂತು, ಅಳುವಾಗ ನಾನು ಎಷ್ಟು ಕೆಟ್ಟದಾಗಿ ಕಾಣುತ್ತೇನೆ ಎಂಬುದೂ ನೆನಪಾಯಿತು. ಅವಳು ತಟ್ಟೆಯಲ್ಲಿ ಅನ್ನ, ಸಾರು ತಂದು ನನ್ನ ಮುಂದಿಟ್ಟಳು. ಕೈ ತೊಳೆಯಲು ನೀರು ಹಾಕಿದಳು. ನಾನು ಮೊದಲ ತುತ್ತು ನುಂಗುವವರೆಗೂ ಕಾದು ನಿಂತು, ಆಮೇಲೆ ಹೇಳಿದಳು:

‘ನಿನ್ ಮೇಲೆ ಕ್ವಾಪ ಇಲ್ಲ ಕಣ್ಲಾ ಕುಮಾರಾ. ಆವಾಗ್ಲೂ ಇರ್ಲಿಲ್ಲ. ನಂಬಿಕೆ ಇಲ್ಲ, ಅಷ್ಟೇ. ಎರಡೂ ಒಂದೇ ಅನ್ಕೊಂಡು ಬಂದಿದೀಯ ನೀನು, ಪಾಪ. ಬುಧವಾರ ಆಸ್ಪತ್ರೆ ತಾವ ಬತ್ತೀನಿ. ನೀ ಉಂಡ್ಕೊಂಡು ನಿನ್ ಕಾರಲ್ಲಿ ಓಗು. ನಾ ಬಸ್ಸಲ್ಲಿ ಬತ್ತೀನಿ.’